ಹರಾಜಿಗೆ ಬಂದ ಚಾರ್ಮಿನಾರ್ ರೂಪಾಯಿ

ನಮ್ಮ ಅತ್ತೆಯವರ ಟ್ರಂಕಿನಲ್ಲಿ ಒಂದು ರೂಪಾಯಿ ಸರವಿತ್ತು. ನಿಜಾಮರ ಕಾಲದ ಬೆಳ್ಳಿ ರೂಪಾಯಿಗಳ ನೆತ್ತಿಗೆ ಕೊಂಡಿ ಬೆಸೆದು, ನಡುನಡುವೆ ಹವಳದ ಮಣಿಯಿಟ್ಟು, ಕೆಂಪು ರೇಷ್ಮೆ ದಾರದಲ್ಲಿ ಪೋಣಿಸಿದ ಸರ. ಒಂದೊಂದು ರೂಪಾಯಿಯ ಮೇಲೂ ಚಾರ್ಮಿನಾರ್. ಸಂತೆಕಲ್ಲೂರಿನ ತವರಿನಿಂದ ಮದುವಣಗಿತ್ತಿಯಾಗಿ ಬರುವಾಗ ಅವರು ಕೊರಳಲ್ಲಿ ಹಾಕಿಕೊಂಡು ಬಂದದ್ದು. ದೀಪಾವಳಿಯಲ್ಲಿ ನಮ್ಮ ಮನೆಯ ಗಂಡಸರಿಗೆ ಆರತಿ ಎತ್ತುವ ಹೆಣ್ಣುಮಗಳು ಆ ಸರ ಹಾಕಿಕೊಂಡೇ ಎತ್ತಬೇಕು. ಹಬ್ಬದ ಹಿಂದಿನ ದಿನ ದಾರ ತೋಯದ ಹಾಗೆ ಒಂದೊಂದೇ ರೂಪಾಯಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವ ಕೆಲಸ ನನ್ನದು. ಮದುವೆಯಾಗಿ ಬಂದ ವರ್ಷದಿಂದಲೂ ನನ್ನದೇ.

ಹೋದ ಹಬ್ಬ ಮುಗಿದ ಮೇಲೆ ಅತ್ತೆಯವರು, "ಇನ್ನ ನನ್ನ ಕುತ್ತಿಗಿ ಇದರ ಭಾರ ತಾಳಂಗಿಲ್ಲವ್ವಾ. ಬರೋ ದೀಪಾವಳಿಗೆ ಸೊಸಿ ಕೊರಳಿಗೆ ಹಾಕಿಬಿಡ್ತೀನಿ" ಅಂದರು.

ಸೊಸೆ ಅಂದರೆ ಯಾವ ಸೊಸೆ? ನಾವಿಬ್ಬರು. ಸಿಂಧನೂರಿನಲ್ಲಿ ಅತ್ತೆಯವರ ಜೊತೆಗಿರುವ ಹಿರಿಯವಳು ನಾನು. ಅವರ ಬಾಯಲ್ಲಿ ನಾನು ದೊಡ್ಡಾಕಿ. ಲಿಂಗಸುಗೂರಿನಲ್ಲಿರುವ ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಸಣ್ಣಾಕಿ. ಅತ್ತೆಯವರಿಗೆ ಬೆಳಗಿನ ಬಿಸಿನೀರು, ಮೊಣಕಾಲಿಗೆ ಎಣ್ಣೆ, ಉಪ್ಪು ಕಡಿಮೆಯ ಪಲ್ಯ, ಮೆತ್ತಗಿನ ಜೋಳದ ರೊಟ್ಟಿ ಎಲ್ಲವೂ ನನ್ನ ಕೈಯಿಂದಲೇ. ಆದ್ದರಿಂದ ಆ ಮಾತು ನನಗೇ ಆಡಿದ್ದು ಎಂದುಕೊಂಡೆ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ.

"ಆದ್ರ ಬರಿಗೊಂಡಿ ಇಟಗೊಂಡು ಸರ ಹಾಕೂದು ನಮ್ಮ ಕಡೆ ಇಲ್ಲ. ಮೊದ್ಲ ಅದನ್ನ ತುಂಬಸ್ರಿ. ಆಮ್ಯಾಲ ಯಾರಿಗಂತ ನೋಡೂಣು."

ಆ ಹಬ್ಬ ಆದ ಮೇಲೆ ಅತ್ತೆಯವರು ಸರ ಹಾಕಿಕೊಂಡು ಹೋಗಿದ್ದ ಗೊರೇಬಾಳದ ಒಂದು ಮದುವೆಯಲ್ಲಿ ಬೆಸುಗೆ ಬಿಟ್ಟು ಒಂದು ರೂಪಾಯಿ ಉದುರಿ ಹೋಗಿತ್ತು. ಕೊಂಡಿ ದಾರದಲ್ಲಿ ಉಳಿದಿತ್ತು, ರೂಪಾಯಿ ಗದ್ದೆ ಬದುವಿನ ಕೆಸರಿನಲ್ಲಿ ಎಲ್ಲಿ ಹೋಯಿತೋ. ಸರದ ನಡುವೆ ಹಲ್ಲು ಬಿದ್ದ ಬಾಯಿಯಂತೆ ಅದೊಂದು ಜಾಗ.

ನಾಣ್ಯದ ವಿಷಯ ನನಗೆ ಹೊಸದಲ್ಲ. ಮಸ್ಕಿಯಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿಯಿತ್ತು. ಗಲ್ಲಾಪೆಟ್ಟಿಗೆಗೆ ಬಂದ ಓಡದ ನಾಣ್ಯ, ತೂತಿನ ಕಾಸು, ನಿಜಾಮರ ಕಾಲದ ಚಿಲ್ಲರೆ ಎಲ್ಲವೂ ಸಂಜೆಗೆ ನನ್ನ ಪಾಲಿಗೆ ಬರುತ್ತಿದ್ದವು. ಅಪ್ಪ ಸಣ್ಣವನಿದ್ದಾಗ ಶಾಲೆಯಲ್ಲಿ ಉರ್ದು ಕಲಿತಿದ್ದ. ಬೆಲ್ಲದ ಪೆಂಟೆಯ ಮೇಲೆ ನನ್ನನ್ನು ಕೂಡಿಸಿಕೊಂಡು ನಾಣ್ಯದ ಮೇಲಿನ ಉರ್ದು ಅಂಕಿಗಳನ್ನು ಓದಿಸುತ್ತಿದ್ದ. ಚಾರ್ಮಿನಾರಿನ ನಡುವಿನ ಬಾಗಿಲೊಳಗೆ ಒಂದು ಅಕ್ಷರವಿರುತ್ತದೆ. ಹಿರಿಯ ನಿಜಾಮರ ಕಾಲದ ರೂಪಾಯಿಗೆ 'ಮೀಮ್' ಎಂಬ ಅಕ್ಷರ, ಮಗನ ಕಾಲದ್ದಕ್ಕೆ 'ಐನ್'. ಅತ್ತೆಯವರ ಸರದಲ್ಲಿರುವುದೆಲ್ಲ ಮೀಮ್. ವರ್ಷಕ್ಕೊಮ್ಮೆ ತಿಕ್ಕುವಾಗ ಅದನ್ನು ನಾನು ನೋಡಿಯೇ ನೋಡುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ನಮ್ಮ ಮನೆತನದಲ್ಲಿ 'ನಾಣ್ಯದಾಕಿ' ಎಂಬ ಹೆಸರು ಸಣ್ಣಾಕಿಗೆ ಬಂತು. ಮೈದುನನದು ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ಅವಳ ಕೈಗೆ ಯಾವಾಗಲೂ ಹೊಸ ಫೋನು, ಫೋನಿಗೆ ಒಳ್ಳೆಯ ಕ್ಯಾಮೆರಾ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಆನ್‌ಲೈನ್ ಹರಾಜಿನಲ್ಲಿ ನಾಣ್ಯ ಕೊಳ್ಳುವ ಚಟ ಹತ್ತಿಸಿಕೊಂಡಳು. ಪ್ಲಾಸ್ಟಿಕ್ ಜೇಬಿನ ಆಲ್ಬಮ್ ತರಿಸಿದಳು. ಬಂದದ್ದನ್ನೆಲ್ಲ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದು, ಕೆಳಗೆ ಎಲ್ಲರೂ ಕೈ ಮುಗಿದ ಚಿತ್ರ, ಹೂವಿನ ಚಿತ್ರ ಒತ್ತುವುದು. ಮಕ್ಕಳ ಶಾಲೆಯಲ್ಲಿ ಒಂದು ದಿನ ಟೇಬಲ್ ಹಾಕಿ ಇವಳ ಆಲ್ಬಮ್ ಇಟ್ಟರಂತೆ. ಕೊರಳಿಗೆ ಬ್ಯಾಡ್ಜ್ ತೂಗಿಸಿಕೊಂಡು ನಿಂತ ಫೋಟೋ ಬಂತು. ನನ್ನ ನಾಣ್ಯಗಳು ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಕೂತಿದ್ದವು. ಆ ಫೋಟೋ ನೋಡಿದ ದಿನ ನನ್ನ ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅವಳ ಆಲ್ಬಮಿನ ಮೊದಲ ಪುಟದಲ್ಲೇ ಎರಡು ನಾಣ್ಯ ತಿಕ್ಕಿ ಹೊಳಪು ಬರಿಸಿದವು. ತಿಕ್ಕಿದ ನಾಣ್ಯಕ್ಕೆ ಕೂಡಿಡುವವರಲ್ಲಿ ಬೆಲೆ ಕಡಿಮೆ. ಅದು ನನಗೆ ಫೋಟೋದಲ್ಲೇ ಕಂಡಿತ್ತು. ನೋಡಿ ಸಮಾಧಾನವೂ ಆಗಿತ್ತು, ಸುಳ್ಳೇಕೆ ಹೇಳಲಿ.

ಹರಾಜಿನ ಪುಟಗಳನ್ನು ನಾನೂ ನೋಡತೊಡಗಿದ್ದು ಅವಳಿಂದಲೇ. ಕೊಳ್ಳುವುದಕ್ಕಲ್ಲ. ಮಧ್ಯಾಹ್ನ ಪಾತ್ರೆ ತೊಳೆದು, ಅತ್ತೆಯವರು ಅಡ್ಡಾದ ಮೇಲೆ, ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಸಂತೆಯಲ್ಲಿ ಬದನೆಕಾಯಿ ತಿರುವಿ ತಿರುವಿ ನೋಡುವ ಹಾಗೆ. ಮಸ್ಕಿಯ ಅಂಗಡಿಯಲ್ಲಿ ನಾವು ಆಟಕ್ಕೆ ಬಳಸುತ್ತಿದ್ದ ಮಾಮೂಲಿ ಎರಡು ರೂಪಾಯಿಗೆ ಒಬ್ಬ ಒಂದು ಎಮ್ಮೆಯ ಬೆಲೆ ಬರೆದಿದ್ದ, ಮೇಲೆ 'ಅತಿ ಅಪರೂಪ' ಎಂಬ ಕೆಂಪು ಪಟ್ಟಿ. ಅದೇ ಪುಟದಲ್ಲಿ ಕೆಳಗೆ ಸರಿದರೆ ಅದೇ ಅಪರೂಪದ್ದು ಇಪ್ಪತ್ತು ಸಾಲಾಗಿ ಮಾರಾಟಕ್ಕಿರುತ್ತಿತ್ತು. ಇನ್ನೊಬ್ಬನ ಪ್ರತಿ ನಾಣ್ಯವೂ ಅವನ ಅಜ್ಜನ ಪೆಟ್ಟಿಗೆಯಲ್ಲೇ ಸಿಕ್ಕದ್ದು, ಆ ಅಜ್ಜನಿಗೆ ಎಷ್ಟು ಪೆಟ್ಟಿಗೆಯಿದ್ದವೋ ಶಿವನೇ ಬಲ್ಲ. ಬೆಳ್ಳಿ ಅನ್ನುತ್ತಾರೆ, ತೂಕ ಬರೆಯುವುದಿಲ್ಲ. ಎರಡು ಮುಖ ತೋರಿಸುತ್ತಾರೆ, ಅಂಚು ತೋರಿಸುವುದಿಲ್ಲ. ಅಂಚು ತೋರಿಸದವನ ನಾಣ್ಯ ಎರಕ ಹೊಯ್ದ ಖೋಟಾ ಇರಬಹುದು, ಇಲ್ಲವೆ ಕೊಂಡಿ ಕಿತ್ತು ಅರದಿಂದ ಉಜ್ಜಿದ್ದಿರಬಹುದು. ಸರದ ರೂಪಾಯಿ ತಿಕ್ಕಿದ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

"ಏನಿದು, ಕೊಳ್ಳೂದಿಲ್ಲ ಮಾರೂದಿಲ್ಲ, ದಿನಾ ಹರಾಜಿಗೆ ಹಾಜರಿ?" ಎಂದು ನಮ್ಮನೆಯವರು ನಗುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಫ್ಯಾಮಿಲಿ ಗ್ರೂಪಿನಲ್ಲಿ ಸಣ್ಣಾಕಿಯ ಫೋಟೋ ಬಂತು. ಚಾರ್ಮಿನಾರ್ ರೂಪಾಯಿ. ಈಗ ತಾನೇ ಮಳೆ ನಿಂತ ಎಲೆಯ ಹಾಗೆ ಹೊಳೆಯುತ್ತಿತ್ತು. "ಅತ್ತಿ ಸರಕ್ಕ ಸಿಕ್ತು. ಹರಾಜು ನಾಳೆ ಸಂಜಿಗೆ ಮುಗೀತೈತಿ. ನಾನ ಮುಂದಿದ್ದೀನಿ" ಎಂದು ಬರೆದಿದ್ದಳು. ಅತ್ತೆಯವರಿಗೆ ಕನ್ನಡಕ ಹಾಕಿ ತೋರಿಸಿದವಳು ನಾನೇ.

"ಅಯ್ಯ, ಎಷ್ಟ್ ಬೆಳ್ಳಗದ! ಖರೆ ಬೆಳ್ಳಿ ಅಂದ್ರ ಹಿಂಗಿರ್ತದ. ಸಣ್ಣಾಕಿ ಚುರುಕದಾಳ ನೋಡು" ಅಂದರು.

ಬೆಳ್ಳಗಿದ್ದರೆ ಖರೆ. ನಮ್ಮ ಮನೆಯಲ್ಲಿ ಎಲ್ಲರ ಲೆಕ್ಕವೂ ಅದೇ. ವರ್ಷವರ್ಷವೂ ಹುಣಸೆಹಣ್ಣು ಹಾಕಿ ನಾನೇ ತಿಕ್ಕಿ ತಿಕ್ಕಿ ಕಲಿಸಿದ ಲೆಕ್ಕ. ನೂರು ವರ್ಷ ಕಂಡ ಬೆಳ್ಳಿ ತಿಕ್ಕದೆ ಬಿಟ್ಟರೆ ಮೋಡದ ಬಣ್ಣಕ್ಕಿರುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಆ ಹರಾಜಿನ ಪುಟವನ್ನು ಹುಡುಕಿ ತೆಗೆದೆ. 'ಹಿರಿಯ ನಿಜಾಮರ ಕಾಲದ್ದು, ಒಂದೇ ಉಳಿದಿದೆ' ಎಂದಿತ್ತು. ಚಿತ್ರ ಹಿಗ್ಗಿಸಿದೆ. ಬಾಗಿಲೊಳಗೆ ಐನ್. ಹಿರಿಯವರ ಕಾಲದ್ದಲ್ಲ, ಮಗನ ಕಾಲದ್ದು. ಎಡಗಡೆಯ ಮಿನಾರಿನ ಬುಡದಲ್ಲಿ ಕೂದಲಿನಂಥ ಒಂದು ಗೀರು, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ್ದು. ಆ ಗೀರು ಎಲ್ಲೋ ನೋಡಿದ್ದೆ. ಹಿಂದಿನ ದಿನಗಳಲ್ಲಿ ನೋಡಿದ ಪುಟಗಳನ್ನೆಲ್ಲ ಮತ್ತೆ ತೆಗೆಯುತ್ತ ಕೂತೆ. ಅತ್ತೆಯವರು ಎದ್ದು ಚಹಾ ಕೇಳಿದರು, ಕೊಟ್ಟು ಬಂದು ಮತ್ತೆ ಕೂತೆ. ಸಿಕ್ಕಿತು. ಬೇರೆ ಹೆಸರಿನ ಮಾರಾಟಗಾರನದು, ಬೇರೆ ಊರು, ಬೇರೆ ಬೆಲೆ, ಆದರೆ ಅದೇ ಗೀರು, ಅದೇ ಕೊಕ್ಕೆ. ಇನ್ನಷ್ಟು ಹಿಂದೆ ಹೋದರೆ ಮತ್ತೊಂದು ಕಡೆ ಅದೇ ಫೋಟೋ, ಸ್ವಲ್ಪ ತಿರುಗಿಸಿ ಹಾಕಿದ್ದು. ಒಂದೇ ಉಳಿದದ್ದು ಮೂರು ಊರಲ್ಲಿ ಉಳಿದಿತ್ತು. ಅಂದರೆ ಫೋಟೋದ ರೂಪಾಯಿ ಒಂದು, ಮನೆಗೆ ಬರುವ ರೂಪಾಯಿ ಇನ್ನೊಂದು.

ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತೆ. ಹೇಳಬೇಕೇ? ಕೊಳ್ಳಲಿ, ಬರಲಿ, ಎಲ್ಲರೆದುರು ಅದರ ಬೆಳ್ಳಿ ಬಣ್ಣ ಸುಲಿಯಲಿ, ನಾಣ್ಯದಾಕಿಯ ಬ್ಯಾಡ್ಜ್ ಬಿಚ್ಚಿ ಬೀಳಲಿ. ಹಾಗೆ ಅನ್ನಿಸಿತು, ಮತ್ತೆ ಮತ್ತೆ ಅನ್ನಿಸಿತು. ಆದರೆ ಆ ಖೋಟಾ ರೂಪಾಯಿ ಹೋಗಿ ಕೂರುವುದು ಎಲ್ಲಿ? ನನಗೆ ಬರಬೇಕಾದ ಸರದಲ್ಲಿ. ಮುಂದೆ ಪ್ರತಿ ವರ್ಷ ಮೀಮಿನ ಸಾಲಿನಲ್ಲಿ ಆ ಸುಳ್ಳು ಐನನ್ನು ತಿಕ್ಕುತ್ತ ಕೂರುವವಳು ಯಾರು? ಅದನ್ನು ನೆನೆದ ಮೇಲೆ ತಡೆಯಲಾಗಲಿಲ್ಲ. ಫೋನು ಹಚ್ಚಿದೆ.

"ತಂಗಿ, ಆ ರೂಪಾಯಿ ಬ್ಯಾಡ. ಬಿಟ್ಟುಬಿಡು."

ಆ ಕಡೆ ಮಿಕ್ಸಿಯ ಸದ್ದು ನಿಂತಿತು. "ಯಾಕ್ರೀ ಅಕ್ಕಾರ?"

"ಅದು ಸರದ ಜೋಡಿ ಅಲ್ಲ. ಬಾಗಲದಾಗಿನ ಅಕ್ಷರ ಬ್ಯಾರೆ ಐತಿ. ಮ್ಯಾಲ ಅವಾ ಒಂದ ಫೋಟೋ ಮೂರು ಕಡೆ ಹಾಕ್ಯಾನ."

"ಒಂದ ನಮೂನಿ ರೂಪಾಯಿ ಒಂದ ನಮೂನಿ ಕಾಣ್ತಾವಲ್ರೀ."

"ಗೀರೂ ಒಂದ ನಮೂನಿ ಬೀಳ್ತದೇನ?"

ಮಿಕ್ಸಿಯ ಜಾರ್ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಮೆಲ್ಲಗೆ, "ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಸರ ನಿಮಗ ಬೇಕಂತ ನನಗ ಗೊತ್ತೈತ್ರಿ. ಅದಕ್ಕ ಹೇಳಾಕತ್ತೀರೇನಂತ..." ಎಂದಳು.

"ಹೌದು, ಬೇಕು. ಬೇಕಾಗಿದ್ದಕ್ಕ ಹೇಳಾಕತ್ತೀನಿ. ನನ್ನ ಮಾತು ಬಿಡು. ಅವನ್ನ ಕೇಳು. ತಕ್ಕಡಿ ಮ್ಯಾಲ ಇಟ್ಟು ಒಂದು ಫೋಟೋ, ಅಂಚಿಂದೊಂದು ಫೋಟೋ. ಪಕ್ಕದಾಗ ಒಂದು ಹುಣಸಿ ಬೀಜ ಇಡಂತ ಹೇಳು."

"ಹುಣಸಿ ಬೀಜ ಯಾಕ್ರೀ?"

"ಅವನ ಹತ್ರ ರೂಪಾಯಿ ಇದ್ರ ಇಡ್ತಾನ. ಬರೇ ಫೋಟೋ ಇದ್ರ ಎಲ್ಲಿಂದ ಇಡ್ತಾನ?"

ಅವಳು ನಕ್ಕಳು. ಆ ನಗು ಚೆನ್ನಾಗಿರುತ್ತದೆ, ಅದನ್ನೂ ನನಗೆ ಸಹಿಸಲಾಗುವುದಿಲ್ಲ.

ಕೇಳಿದಳಂತೆ. ಮೊದಲು 'ಸರ್ಟಿಫಿಕೇಟ್ ಕೊಡ್ತೀವಿ ಮೇಡಂ' ಎಂದನಂತೆ. ಬೀಜ ಇಡಿ ಎಂದಾಗ 'ನಂಬಿಕೆ ಇಲ್ಲದವರು ಹರಾಜಿಗೆ ಬರಬೇಡಿ' ಎಂದನಂತೆ. ಅವಳು ಬೆಲೆ ಏರಿಸುವುದನ್ನು ನಿಲ್ಲಿಸಿದಳು. ಯಾರೋ ಇನ್ನೊಬ್ಬರು ಹೆಚ್ಚು ಬೆಲೆ ಕೂಗಿದರು, 'ಮಾರಾಟವಾಗಿದೆ' ಎಂದು ಬಂತು. ಆಗ ಅವಳು ನನಗೆ ಫೋನ್ ಮಾಡಲಿಲ್ಲ. ಒಳ್ಳೆಯ ರೂಪಾಯಿಯನ್ನು ಅಕ್ಕನ ಮಾತು ಕೇಳಿ ಕಳೆದುಕೊಂಡೆ ಎಂದುಕೊಂಡಿದ್ದಳೋ ಏನೋ. ಅತ್ತೆಯವರು ಮಾತ್ರ ಬಾಯಿಬಿಟ್ಟೇ ಅಂದರು. "ಸಿಕ್ಕಿದ್ದನ್ನ ಬಿಡಿಸಿದ್ಯಲ್ಲ ದೊಡ್ಡಾಕಿ. ನಿನಗೂ ಸಿಗಲಿಲ್ಲ, ಆಕಿಗೂ ಸಿಗಲಿಲ್ಲ."

ಅವತ್ತು ಅವರ ಮೊಣಕಾಲಿಗೆ ಎಣ್ಣೆ ಹಚ್ಚುವಾಗ ನನ್ನ ಕೈ ಸ್ವಲ್ಪ ಜೋರಾಗಿಯೇ ಆಡಿತು.

ಎರಡು ದಿನ ಬಿಟ್ಟು ಅದೇ ರೂಪಾಯಿ ಮತ್ತೆ ಹರಾಜಿಗೆ ಬಂತು. ಮಾರಾಟವಾದದ್ದು, ಒಂದೇ ಉಳಿದದ್ದು, ಅದೇ ಗೀರಿನದು. ನೋಡಿದ ಕೂಡಲೇ ಸಣ್ಣಾಕಿಗೆ ಕಳಿಸಿದೆ, ಒಂದು ಮಾತೂ ಬರೆಯದೆ. ಅವಳು ನೋಡಿದ ಗುರುತು ಬಂತು. ಅರ್ಧ ಗಂಟೆಯಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡ ಬರಹ. ಫೋಟೋ ಮೂರೂ ಪಕ್ಕಪಕ್ಕ ಜೋಡಿಸಿ, ಗೀರಿನ ಸುತ್ತ ಕೆಂಪು ಗೆರೆ ಎಳೆದು, 'ಹರಾಜಿನಲ್ಲಿ ಮೋಸ ಹೋಗಬೇಡಿ, ತೂಕ ಕೇಳಿ, ಅಂಚು ಕೇಳಿ, ಪಕ್ಕದಲ್ಲಿ ಹುಣಸೆ ಬೀಜ ಇಡಿಸಿ' ಎಂದು ಬರೆದಿದ್ದಳು. ನನ್ನ ಹೆಸರಿಲ್ಲ. ಕೊನೆಯಲ್ಲಿ 'ಅಕ್ಕಾರೂ ಹಿಂಗ ಅಂದಿದ್ರು' ಎಂದಿತ್ತು. ನಾನೂ ಅಂದಿದ್ದೆ! ಕೆಳಗೆ ಕೈ ಮುಗಿದ ಚಿತ್ರಗಳು, ಹೂವು, ಒಬ್ಬರು ಕಿರೀಟವನ್ನೇ ಹಾಕಿದ್ದರು.

"ಸಣ್ಣಾಕಿ ಕಳ್ಳನ್ನ ಹಿಡದಾಳಂತ?" ಅತ್ತೆಯವರು ಕೇಳಿದರು.

"ಹೌದ್ರೀ. ಹಿಡದಾಳ."

"ಫೋನಿನಾಗ ಎಲ್ಲಾ ಹಿಡೀತಾಳ ಆಕಿ."

ನಾನು ಹಿತ್ತಲಿಗೆ ಹೋಗಿ ಒಣಗಿದ್ದ ಬಟ್ಟೆಗಳನ್ನು ತೆಗೆದೆ. ಒಣಗದಿದ್ದವನ್ನೂ ತೆಗೆದೆ.

ಆ ಸಿಟ್ಟಿನಲ್ಲೇ ಮರುದಿನ ಸಿಂಧನೂರಿನ ಬಜಾರಿಗೆ ಹೋದೆ. ಹಳೆಯ ಬೆಳ್ಳಿ ಕೊಳ್ಳುವ ಒಬ್ಬ ಸರಾಫರ ಅಂಗಡಿಯಿದೆ. ಸುತ್ತಲಿನ ಹಳ್ಳಿಗಳಿಂದ ಕಡಗ, ಕಾಲುಂಗುರ, ಮುರಿದ ಉಡದಾರ ಎಲ್ಲ ಕರಗಿಸುವುದಕ್ಕೆ ಅಲ್ಲಿಗೆ ಬರುತ್ತವೆ. ಅವರ ತಗಡಿನ ಡಬ್ಬಿಯಲ್ಲಿ ರೂಪಾಯಿಗಳೂ ಇದ್ದವು. ಬಾಗಿಲೊಳಗಿನ ಅಕ್ಷರ ನೋಡುತ್ತ ಒಂದೊಂದೇ ತಿರುವಿದೆ. ಐನ್, ಐನ್, ಐನ್. ತಳದಲ್ಲಿ ಕಪ್ಪಿಟ್ಟ ಒಂದು ರೂಪಾಯಿ. ಹೆಬ್ಬೆರಳಿನಿಂದ ಉಜ್ಜಿದೆ. ಮೀಮ್.

"ಅದು ಬ್ಯಾಡ್ರೀ ಅಕ್ಕಾರ. ನೆತ್ತಿ ಮ್ಯಾಲ ಕೊಂಡಿ ಕಿತ್ತ ಗಾಯ ಐತಿ. ಕೂಡಿಡೋರು ಯಾರೂ ತಗೊಳ್ಳಂಗಿಲ್ಲ. ನಾಳಿ ಕರಗಸಾಕ ಇಟ್ಟೀನಿ" ಎಂದರು ಸರಾಫರು.

ಯಾರ ಕೊರಳಿನಿಂದ ಬಂದದ್ದೋ. ನನಗೆ ಬೇಕಾದದ್ದೇ ಆ ಗಾಯ. ಅಪರೂಪವೆಂದು ಹೆಚ್ಚು ಕೊಟ್ಟು ತಂದರೂ ಕೊನೆಗೆ ನೆತ್ತಿಗೆ ಬೆಂಕಿ ತಾಗಿಸಲೇಬೇಕಲ್ಲ. ಬರೀ ಬೆಳ್ಳಿಯ ಬೆಲೆಗೆ ಕೊಟ್ಟರು. ಮನೆಗೆ ಬಂದು ತಿಕ್ಕಿದೆ. ಈ ಸಲ ಅತ್ತೆಯವರಿಗಾಗಿಯೇ ಬೆಳ್ಳಗೆ ಮಾಡಿದೆ. ಸರದ ಪಕ್ಕದಲ್ಲಿ ಇಟ್ಟಾಗ ಅವರು ಬೆರಳಿನಿಂದ ಮುಟ್ಟಿ, "ಇದು ನಮ್ಮದ ಅನಸ್ತದಲ್ಲವ್ವಾ" ಎಂದರು. ನಾನು ಆ ರೂಪಾಯಿಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದೆ.

ಸರ ಮಾಡಿದ ಅಕ್ಕಸಾಲಿ ಪತ್ತಾರರ ಮನೆತನ ಮಸ್ಕಿಯಲ್ಲಿದೆ. ಅಲ್ಲಿಯೇ ಬೆಸೆಸಬೇಕು ಎಂದರು ಅತ್ತೆಯವರು. ಮಸ್ಕಿ ನಮಗಿಬ್ಬರಿಗೂ ನಡುವಿನ ಊರು. ಸಿಂಧನೂರಿನಿಂದ ನಾವು, ಲಿಂಗಸುಗೂರಿನಿಂದ ಸಣ್ಣಾಕಿ, ಬಸ್ಸಿನಲ್ಲಿ ಬಂದು ಸೇರಿದೆವು. ಅವಳು ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ನಾನು ದಿನದ ಸೀರೆಯಲ್ಲೇ ಹೋಗಿದ್ದೆ. ಬೆಂಕಿಯ ಮುಂದೆ ಕೂರುವುದಿದೆ ಎಂದುಕೊಂಡಿದ್ದೆ.

ಪತ್ತಾರರು ರೂಪಾಯಿಯನ್ನು ಚಿಮಟದಲ್ಲಿ ಹಿಡಿದು ಹಳೆಯ ಗಾಯದ ಮೇಲೆಯೇ ಕೊಂಡಿ ಕೂರಿಸಿದರು. "ಇದಕ್ಕ ಜಾಗ ಮೊದ್ಲ ಗೊತ್ತಿತ್ತು ನೋಡ್ರಿ" ಎಂದು ನಕ್ಕರು. ಹೊಸ ರೇಷ್ಮೆ ದಾರದಲ್ಲಿ ಮಣಿ, ರೂಪಾಯಿ, ಮಣಿ, ರೂಪಾಯಿ ಎಂದು ಪೋಣಿಸಿದರು. ಸರ ತುಂಬಿತು.

ಅತ್ತೆಯವರು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನಾನು ಸೆರಗು ಸರಿಮಾಡಿಕೊಂಡು ಸ್ವಲ್ಪ ಬಗ್ಗಿದೆ. ಬಗ್ಗಿದ್ದು ಅವರಿಗೆ ಕಂಡಿತು, ಕಾಣದೆ ಹೇಗಿರುತ್ತದೆ?

"ದೊಡ್ಡಾಕಿ, ನಿನಗ ಕೊಟ್ರ ಏನ್ ಮಾಡ್ತಿ ಹೇಳು?"

"ಏನ್ ಮಾಡ್ತೀನ್ರೀ? ಜ್ವಾಕಿಯಿಂದ ಇಟಗೋತೀನಿ."

"ಅದನ್ನ ನಾ ಹೇಳಾಕತ್ತಿದ್ದು. ಅರಿವ್ಯಾಗ ಸುತ್ತಿ ಡಬ್ಬ್ಯಾಗ ಇಟಗೋತಿ. ನಿನ್ನ ಮದುವಿ ಬೋರಮಾಳ ಹಾಕ್ಕೊಂಡಿದ್ದು ಯಾವಾಗ ನೋಡೀನಿ ನಾ? ಈಕಿ ಆದ್ರ ಹಾಕ್ಕೋತಾಳ."

ಹಾಗೆಂದು ಸರವನ್ನು ಸಣ್ಣಾಕಿಯ ಕೊರಳಿಗೆ ಹಾಕಿದರು. ಅವಳು, "ಅಯ್ಯ ಅತ್ತಿ, ಬ್ಯಾಡ್ರೀ, ರೂಪಾಯಿ ತಂದೋರು ಅಕ್ಕಾರು" ಎಂದಳು. ಎರಡು ಸಲ ಎಂದಳು. ಆದರೆ ಕೈ ಮಾತ್ರ ಸರವನ್ನು ಎದೆಯ ಮೇಲೆ ನೆಟ್ಟಗೆ ಮಾಡುತ್ತಿತ್ತು.

"ರೂಪಾಯಿ ತರೂದು ಆಕಿಗೆ ಬರ್ತದ. ಹಾಕ್ಕೊಳ್ಳೂದು ನಿನಗ ಬರ್ತದ" ಎಂದರು ಅತ್ತೆಯವರು. ಪತ್ತಾರರು ಊದುಗೊಳವೆ ಒರೆಸುತ್ತ ಬೇರೆ ಕಡೆ ನೋಡಿದರು.

ಬೋರಮಾಳದ ಮಾತು ನಿಜವೇ. ಚಿನ್ನದ ಗುಂಡುಗಳ ಆ ಸರ ಬಟ್ಟೆಯಲ್ಲಿ ಸುತ್ತಿ ಕಡಲೆಬೇಳೆಯ ಡಬ್ಬಿಯಲ್ಲಿದೆ. ಹಾಕಿಕೊಳ್ಳುವ ದಿನ ಬರುತ್ತದೆ ಎಂದು ಇಟ್ಟದ್ದು. ಆ ದಿನವನ್ನು ಯಾರಾದರೂ ನನಗೆ ತಂದುಕೊಡುತ್ತಾರೆ ಎಂದು ಇಷ್ಟು ವರ್ಷ ಕೂತಿದ್ದೆ. ಸಣ್ಣಾಕಿ ಯಾರ ದಾರಿಯನ್ನೂ ಕಾಯುವವಳಲ್ಲ.

"ಅಕ್ಕಾರ, ಹಿಂದ ಗಂಟು ಸಡ್ಲ ಆಗೈತೇನ ನೋಡ್ರಿ" ಎಂದು ಜಡೆ ಮುಂದಕ್ಕೆ ತೆಗೆದುಕೊಂಡು ಬೆನ್ನು ತಿರುಗಿಸಿದಳು. ಸಡಿಲವಾಗಿತ್ತು. ಬಿಚ್ಚಿ ಮತ್ತೆ ಕಟ್ಟಿದೆ, ಬಿಗಿಯಾಗಿ, ಬಸ್ಸಿನ ಕುಲುಕಾಟಕ್ಕೂ ಬಿಚ್ಚದ ಹಾಗೆ. ಅವಳು ತಿರುಗಿ ನಿಂತಳು. ಒಂದು ತಪ್ಪಿಗಾಗಿ ನೋಡಿದೆ, ಒಂದೇ ಒಂದಕ್ಕೆ. ಉದ್ದವಾಯಿತೇ, ಓರೆಯಾಯಿತೇ, ಸೀರೆಯ ಬಣ್ಣಕ್ಕೆ ಹೊಂದಲಿಲ್ಲವೇ? ಅವಳ ಕೊರಳು ಉದ್ದ. ಸರ ಅಲ್ಲಿಯೇ ಹುಟ್ಟಿದಂತೆ ಕೂತಿತ್ತು. ನಾನು ತಂದ ರೂಪಾಯಿ ಯಾವುದೆಂದು ನನಗೂ ಒಂದು ಕ್ಷಣ ಗೊತ್ತಾಗಲಿಲ್ಲ.

"ಹೆಂಗೈತ್ರೀ?"

"ಚಂದ ಐತಿ" ಎಂದೆ. ಚಂದವೇ ಇತ್ತು. ಅದನ್ನೇ ನನಗೆ ಈವರೆಗೂ ನುಂಗಲಾಗಿಲ್ಲ.

ಲಿಂಗಸುಗೂರಿನ ಬಸ್ಸು ಮೊದಲು ಬಂತು. ಅವಳು ಸೆರಗು ಹೊದ್ದು ಸರ ಮುಚ್ಚಿಕೊಂಡು ಹತ್ತಿದಳು. ಕಿಟಕಿಯಿಂದ ಕೈ ಬೀಸಿ, "ದೀಪಾವಳಿಗೆ ಬರ್ತೀನ್ರೀ ಅಕ್ಕಾರ, ತಿಕ್ಕಿ ಕೊಡ್ರಿ ಮತ್ತ!" ಎಂದು ಕೂಗಿದಳು. ಜನವೆಲ್ಲ ತಿರುಗಿ ನೋಡಿದರು. ನಾನೂ ಕೈ ಎತ್ತಿದೆ. ಅತ್ತೆಯವರು ನನ್ನ ತೋಳು ಹಿಡಿದುಕೊಂಡು ನಿಂತಿದ್ದರು.

"ಸಿಟ್ಟು ಬಂತೇನ ನಿನಗ?" ಎಂದರು.

"ಬಂತ್ರಿ."

"ಬರಲಿ. ಮನಿಗ್ಹೋಗಿ ಆ ಬೋರಮಾಳ ತಗದು ಹಾಕ್ಕೋ. ನಾ ನೋಡ್ತೀನಿ."

ಸಿಂಧನೂರಿನ ಬಸ್ಸು ತಡವಾಗಿ ಬಂತು. ಅವರಿಗೆ ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟೆ. ಮನೆಗೆ ಬಂದು ಬೋರಮಾಳ ತೆಗೆಯಲಿಲ್ಲ. ಅವರು ಹೇಳಿದರೆಂದು ತೆಗೆಯುವುದಕ್ಕೆ ಮನಸ್ಸಾಗಲಿಲ್ಲ. ದೀಪಾವಳಿ ಇನ್ನೂ ಬಂದಿಲ್ಲ, ಸಣ್ಣಾಕಿ ಮುಂದೆ ನಿಂತು ಆರತಿ ಎತ್ತುವ ದಿನ. ಆ ದಿನ ಬೋರಮಾಳ ಹಾಕಿಕೊಂಡು ನಿಂತರೆ ಅವಳ ಕೊರಳ ಪಕ್ಕ ನನ್ನ ಕೊರಳು ಹೇಗೆ ಕಾಣುತ್ತದೆ ಎಂದು ನಿನ್ನೆ ಕನ್ನಡಿಯ ಮುಂದೆ ಬರಿಗೊರಳಲ್ಲೇ ನಿಂತು ನೋಡಿಕೊಂಡೆ.